ನಾರು ಮತ್ತು ಸುಣ್ಣ: ಮುರಿದ ಮೂಳೆಗೆ ಜೋಡಿ ಹುಡುಕಿದ ಕಥೆ

ನಮ್ಮ ಮನೆಯ ತೋಟಕ್ಕೆ ಬರುತ್ತಿದ್ದ ಕೊನೆಗೌಡರೊಬ್ಬರು ಕೆಲವು ವರ್ಷಗಳ ಹಿಂದೆ ಆಗಸ್ಟ್ ತಿಂಗಳಲ್ಲಿ ಅಡಿಕೆ ಮರದಿಂದ ಜಾರಿದರು. ಎರಡನೇ ಸಲದ ಮದ್ದು ಹೊಡೆಯುವ ಹೊತ್ತು. ಮತ್ತಿಘಟ್ಟದ ಮಳೆ ಗೊತ್ತಲ್ಲ, ಮರಕ್ಕೆ ಹಾವಸೆ ಹಿಡಿದಿತ್ತು. ತೊಡೆಯ ಮೂಳೆ ಎರಡು ತುಂಡು. ಊರಿಂದ ಶಿರಸಿಗೆ, ಶಿರಸಿಯಿಂದ ಹುಬ್ಬಳ್ಳಿಗೆ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅಂತ 2022ರಲ್ಲಿ ನಮ್ಮ ಮೊಬೈಲುಗಳಲ್ಲೆಲ್ಲ ಕೂಗು ಎದ್ದಿತ್ತಲ್ಲ, ಅದರ ಹಿಂದೆ ಇಂಥ ಎಷ್ಟೋ ಪ್ರಯಾಣಗಳಿವೆ. ತೊಡೆಯೊಳಗೆ ರಾಡು ಹಾಕಿ ಕಳಿಸಿದರು. ಈಗ ಅವರು ನಡೆಯುತ್ತಾರೆ, ಮರ ಹತ್ತುವುದಿಲ್ಲ.

ಮೊನ್ನೆ ಮನೆಯ ಜಗಲಿಯಲ್ಲಿ ಕವಳ ಹಾಕುತ್ತ ಕೇಳಿದರು: "ತಮ್ಮಾ, ಈ ರಾಡು ನನ್ನ ಸಂಗಡವೇ ಬರ್ತದೋ, ನಡುವೆ ತೆಗೀಬೇಕೋ?"

ದೊಡ್ಡವರಲ್ಲಿ ತೊಂದರೆ ಕೊಡದಿದ್ದರೆ ರಾಡನ್ನು ಹಾಗೇ ಬಿಡುವುದೇ ಹೆಚ್ಚು. ನೋವು, ಕೀವು, ರಾಡು ಚರ್ಮಕ್ಕೆ ಒತ್ತುವುದು ಇಂಥದ್ದಿದ್ದರೆ ತೆಗೆಯುತ್ತಾರೆ. ಬೆಳೆಯುವ ಮಕ್ಕಳಲ್ಲಿ ಸಾಮಾನ್ಯವಾಗಿ ತೆಗೆಯುತ್ತಾರೆ. ಯಾವುದಕ್ಕೂ ಹಾಕಿದ ಡಾಕ್ಟರನ್ನೇ ಕೇಳಬೇಕು ಅಂದೆ. ಆದರೆ ಅವರ ಪ್ರಶ್ನೆಯ ಒಳಗೆ ಇನ್ನೊಂದು ಪ್ರಶ್ನೆ ಇತ್ತು. ಮುರಿದದ್ದು ಮೂಳೆ, ಹಾಕಿದ್ದು ಕಬ್ಬಿಣ. ಮೂಳೆಯಂಥದ್ದನ್ನೇ ಮಾಡಿ ಹಾಕಲು ಬರುವುದಿಲ್ಲವೇ? ಕೆಲಸ ಮುಗಿದ ಮೇಲೆ ತಾನೇ ಮೂಳೆಯಾಗಿಬಿಡುವಂಥದ್ದು? ಎರಡನೇ ಆಪರೇಷನ್ ಅಂದರೆ ಕೂಲಿಯವರಿಗೆ ಇನ್ನೊಂದು ಸೀಸನ್ನಿನ ದುಡಿಮೆ ಹೋದಂತೆ. ಆ ಪ್ರಶ್ನೆಯ ಹಿಂದೆ ಹೊರಟರೆ ಉದ್ದದ ಚರಿತ್ರೆ ಸಿಗುತ್ತದೆ. ಅದರ ಒಂದು ಎಳೆ ನಮ್ಮೂರ ಹೆಸರಲ್ಲಿರುವ ಮತ್ತಿ ಮರಕ್ಕೂ ತಾಗುತ್ತದೆ.

ಅಲ್ಲಿಂದಲೇ ಶುರುಮಾಡೋಣ. ಸುಶ್ರುತ ಸಂಹಿತೆಯಲ್ಲಿ ಮೂಳೆ ಮುರಿತಕ್ಕೆಂದೇ ಒಂದು ಭಾಗ ಇದೆ. ಮುರಿದ ಕಡೆ ಎಳೆದು, ಸರಿ ಕೂಡಿಸಿ, ಬಟ್ಟೆ ಸುತ್ತಿ, ಸುತ್ತಲೂ ಮರದ ತೊಗಟೆಯ ಪಟ್ಟಿಗಳನ್ನು ಇಟ್ಟು ಕಟ್ಟಬೇಕು ಅನ್ನುತ್ತದೆ. ಯಾವ ಮರದ್ದು ಎಂಬ ಪಟ್ಟಿಯೂ ಇದೆ: ಅತ್ತಿ, ಅಶ್ವತ್ಥ, ಮುತ್ತುಗ, ಬಿದಿರು, ಜೊತೆಗೆ ಕಕುಭ. ಕಕುಭ ಅಂದರೆ ಅರ್ಜುನ, ನಾವು ಹೊಳೆಮತ್ತಿ ಅನ್ನುವ ಮರ. ಗುಡ್ಡದ ಮೇಲಿನ ಕರಿಮತ್ತಿ ಅದರ ದಾಯಾದಿ. ಈ ಕರಿಮತ್ತಿಯ ವಿಶೇಷ ಏನೆಂದರೆ ಅದು ಮಣ್ಣಿನ ಸುಣ್ಣವನ್ನು ಹೀರಿ ತನ್ನ ತೊಗಟೆಯಲ್ಲಿ ತುಂಬಿಟ್ಟುಕೊಳ್ಳುತ್ತದೆ. ತೊಗಟೆ ಸುಟ್ಟ ಬೂದಿಯನ್ನು ಜನ ಎಲೆಯಡಿಕೆಗೆ ಸುಣ್ಣವಾಗಿ ಬಳಸುತ್ತಿದ್ದರೆಂದು ಬ್ರಿಟಿಷರ ಕಾಲದ ಅರಣ್ಯ ಪುಸ್ತಕಗಳು ಬರೆದಿಟ್ಟಿವೆ. ನಾರಿನ ಮರ, ಒಳಗೆ ಸುಣ್ಣ. ಈ ಜೋಡಿ ನೆನಪಿರಲಿ, ಮುಂದೆಯೂ ಬರುತ್ತದೆ.

ತೊಗಟೆ ಕಟ್ಟು ಸಾವಿರಾರು ವರ್ಷ ನಡೆಯಿತು. ಊರ ನಾಟಿ ವೈದ್ಯರು ಬಿದಿರ ಸೀಳು, ಉದ್ದಿನ ಹಿಟ್ಟು, ಮೊಟ್ಟೆಯ ಬಿಳಿ ಹಾಕಿ ಕಟ್ಟುವುದೂ ಅದೇ ವಂಶದ್ದು. ಆಂಧ್ರದ ಪುತ್ತೂರು ಕಟ್ಟು ಹೆಸರಾದದ್ದು ಇದಕ್ಕೇ (ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ, ತಿರುಪತಿ ಕಡೆಯದು). ಆಮೇಲೆ 1852ರಲ್ಲಿ ಹಾಲೆಂಡಿನ ಸೈನ್ಯದ ವೈದ್ಯ ಆಂಟೋನಿಯಸ್ ಮಥೈಸನ್ ಒಂದು ಸರಳ ಉಪಾಯ ಪ್ರಕಟಿಸಿದ. ಹತ್ತಿ ಬಟ್ಟೆಯ ಪಟ್ಟಿಗೆ ಜಿಪ್ಸಂ ಪುಡಿ ತಿಕ್ಕಿ ಇಟ್ಟುಕೊಳ್ಳುವುದು, ಬೇಕಾದಾಗ ನೀರಲ್ಲಿ ಅದ್ದಿ ಸುತ್ತುವುದು. ಕೆಲವೇ ನಿಮಿಷದಲ್ಲಿ ಕಲ್ಲಾಗುತ್ತದೆ. ಇದೇ ನಮ್ಮ ಬಿಳಿ ಪ್ಲಾಸ್ಟರ್. ಬರೀ ಜಿಪ್ಸಂ ಆದರೆ ಬಿರುಕು ಬಿಟ್ಟು ಉದುರುತ್ತದೆ, ಬರೀ ಬಟ್ಟೆ ಆದರೆ ಬಾಗುತ್ತದೆ. ಎರಡೂ ಸೇರಿದರೆ ಆನೆ ಬಲ.

ಇಲ್ಲಿ ಎರಡು ಪದ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತವೆ. ಪಾಲಿಮರ್ ಅಂದರೆ ಸಣ್ಣ ಸಣ್ಣ ಕೊಂಡಿಗಳು ಸರಪಳಿಯಂತೆ ಸಿಕ್ಕಿಕೊಂಡು ಆದ ವಸ್ತು. ಹತ್ತಿ, ರೇಷ್ಮೆ, ರಬ್ಬರ್, ಮೊಟ್ಟೆಯ ಬಿಳಿ, ಪ್ಲಾಸ್ಟಿಕ್ ಕೊಟ್ಟೆ, ಗುಡ್ಡದಿಂದ ಅಬ್ಬಿ ನೀರು ತರುವ ಕಪ್ಪು ಪೈಪು ಎಲ್ಲ ಇದೇ ಜಾತಿ. ಸೆರಾಮಿಕ್ ಅಂದರೆ ಹಂಚು, ಪಿಂಗಾಣಿ, ಗಾಜಿನ ಜಾತಿ. ಪಾಲಿಮರ್ ಬಾಗುತ್ತದೆ, ಭಾರ ಹೊರುವುದಿಲ್ಲ. ಸೆರಾಮಿಕ್ ಭಾರ ಹೊರುತ್ತದೆ, ಬಿದ್ದರೆ ಒಡೆಯುತ್ತದೆ.

ಈಗ ಮೂಳೆ. ಶಾಲೆಯಲ್ಲಿ ಕೆಲವರು ಈ ಪ್ರಯೋಗ ಮಾಡಿರಬಹುದು. ಕೋಳಿಯ ಕಾಲಿನ ಮೂಳೆಯನ್ನು ವಿನಿಗರ್‌ನಲ್ಲಿ ಒಂದು ವಾರ ನೆನೆಸಿಟ್ಟರೆ ಅದು ರಬ್ಬರಿನಂತೆ ಬಾಗುತ್ತದೆ. ಹುಳಿಗೆ ಒಳಗಿನ ಸುಣ್ಣ ಕರಗಿ ಹೋಗಿ ನಾರು ಮಾತ್ರ ಉಳಿದಿದೆ. ಇನ್ನೊಂದು ಮೂಳೆಯನ್ನು ಕೆಂಡದಲ್ಲಿ ಸುಟ್ಟರೆ ಆಕಾರ ಹಾಗೇ ಇರುತ್ತದೆ, ಮುಟ್ಟಿದರೆ ಸೀಮೆಸುಣ್ಣದಂತೆ ಪುಡಿ. ನಾರು ಸುಟ್ಟು ಹೋಗಿ ಖನಿಜ ಉಳಿದಿದೆ. ನಾರಿನ ಹೆಸರು ಕೊಲಾಜೆನ್, ಅದು ಪಾಲಿಮರ್. ಖನಿಜವು ಕ್ಯಾಲ್ಸಿಯಂ ಮತ್ತು ರಂಜಕ ಸೇರಿದ ಸೆರಾಮಿಕ್, ಹೆಸರು ಹೈಡ್ರಾಕ್ಸಿಅಪಟೈಟ್. ತೂಕದಲ್ಲಿ ಮೂರರಲ್ಲಿ ಎರಡು ಪಾಲು ಈ ಖನಿಜ, ಉಳಿದದ್ದು ಹೆಚ್ಚಾಗಿ ನಾರು ಮತ್ತು ನೀರು. ಮಣ್ಣಿನ ಗೋಡೆಗೆ ಹುಲ್ಲು ಕಲಸುತ್ತಿದ್ದ ಅಜ್ಜಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಮುರಿದ ಮೂಳೆ ಕೂಡುವಾಗ ಈ ಎರಡರಲ್ಲಿ ಯಾವುದು ಮೊದಲು ಬರುತ್ತದೆ? ಇದನ್ನು ಕೂತು ಲೆಕ್ಕ ಹಾಕಿದವರಲ್ಲಿ ನಮ್ಮ ಕರಾವಳಿಯವರೊಬ್ಬರಿದ್ದಾರೆ. ಉಡುಪಿ ಕಡೆಯಲ್ಲಿ 1920ರಲ್ಲಿ ಹುಟ್ಟಿದ ಡಾ. ಕೆ.ಎನ್. ಉಡುಪರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಆಯುರ್ವೇದ ಓದಿ, ಆಮೇಲೆ ಹೊರದೇಶದಲ್ಲಿ ಶಸ್ತ್ರಚಿಕಿತ್ಸೆ ಕಲಿತು, ಮರಳಿ ಅದೇ ಬನಾರಸ್‌ಗೆ ಹೋಗಿ ವೈದ್ಯಕೀಯ ಸಂಸ್ಥೆ ಕಟ್ಟಿದವರು. ಅವರೂ ಜಿ. ಪ್ರಸಾದ್ ಅವರೂ ಇಲಿಗಳ ಮುರಿದ ಮೂಳೆ ದಿನದಿಂದ ದಿನಕ್ಕೆ ಹೇಗೆ ಕೂಡುತ್ತದೆಂದು ಪರೀಕ್ಷಿಸಿ 1963ರಲ್ಲಿ ಬ್ರಿಟನ್ನಿನ ಮೂಳೆ ಶಸ್ತ್ರಚಿಕಿತ್ಸೆಯ ಪತ್ರಿಕೆಯಲ್ಲಿ ಬರೆದರು. ಮೊದಲು ಮೆತ್ತನೆಯ ಲೋಳೆಯಂಥ ವಸ್ತು, ಅದರ ಮೇಲೆ ಕೊಲಾಜೆನ್ ನಾರು, ಆಮೇಲೆ ನಾರಿನ ಹಂದರಕ್ಕೆ ಸುಣ್ಣ. ಹಂದರ ಹಾಕದೆ ಬಳ್ಳಿ ಹಬ್ಬುವುದಿಲ್ಲ. ಇದೇ ಜೋಡಿ 1964ರಲ್ಲಿ ಮಂಗರವಳ್ಳಿಯನ್ನೂ ಪರೀಕ್ಷೆಗೆ ಒಡ್ಡಿತು. ಸಂದುಬಳ್ಳಿ ಅಂತಲೂ ಕರೆಯುವ, ನಾಟಿ ವೈದ್ಯರು ಮುರಿತಕ್ಕೆ ಕೊಡುವ ಅದೇ ಬಳ್ಳಿ. ವಿಕಿರಣದ ಗುರುತು ಹಾಕಿದ ಕ್ಯಾಲ್ಸಿಯಂ ಮೂಳೆಗೆ ಎಷ್ಟು ಬೇಗ ಸೇರುತ್ತದೆಂದು ಅಳೆದರು. ಪ್ರಯೋಗದ ಪ್ರಾಣಿಗಳಲ್ಲಿ ಬಳ್ಳಿ ಕೊಟ್ಟಾಗ ಮೂಳೆ ಬೇಗ ಗಟ್ಟಿಯಾಯಿತು. ಅಡಿಕೆ ಮರದಿಂದ ಬಿದ್ದವನ ತೊಡೆಗೆ ಬಳ್ಳಿಯ ರಸವೊಂದೇ ಸಾಕು ಎಂದು ಇದರ ಅರ್ಥವಲ್ಲ, ದಯವಿಟ್ಟು ಯಾರೂ ಹಾಗೆ ಫಾರ್ವರ್ಡ್ ಮಾಡಬೇಡಿ.

ಮೂಳೆ ನಾರು ಮತ್ತು ಸುಣ್ಣದ ಜೋಡಿ ಎಂದು ಗೊತ್ತಿದ್ದೂ ವೈದ್ಯಲೋಕ ಬಹುಕಾಲ ಒಂದೊಂದನ್ನೇ ಬೇರೆ ಬೇರೆಯಾಗಿ ಹಾಕಿ ನೋಡಿತು. ನನಗೆ ಈ ಚರಿತ್ರೆಯಲ್ಲಿ ಕುತೂಹಲ ಅನ್ನಿಸಿದ್ದು ಇದೇ ಭಾಗ.

ಲೋಹದ ತೊಂದರೆ ಗಟ್ಟಿತನದ್ದೇ. ಉಕ್ಕು ಮೂಳೆಗಿಂತ ಸುಮಾರು ಹತ್ತು ಪಟ್ಟು ಬಿರುಸು. ಭಾರವನ್ನೆಲ್ಲ ತಾನೇ ಹೊರುತ್ತದೆ, ಪಕ್ಕದ ಮೂಳೆಗೆ ಕೆಲಸ ಇಲ್ಲ. ಕೆಲಸ ಇಲ್ಲದ ಮೂಳೆ ತೆಳ್ಳಗಾಗುತ್ತದೆ. ಆರು ವಾರ ಪ್ಲಾಸ್ಟರ್‌ನಲ್ಲಿದ್ದ ಕೈ ಹೇಗೆ ಸೊರಗಿರುತ್ತದೆ ನೋಡಿದ್ದೀರಲ್ಲ, ಒಳಗೆ ಮೂಳೆಗೂ ಹಾಗೇ.

ಪಾಲಿಮರ್ ಒಂದನ್ನೇ ನಂಬಿದವರು ಇಂಗ್ಲೆಂಡಿನ ಸರ್ಜನ್ ಜಾನ್ ಚಾರ್ನ್‌ಲಿ. ಸವೆದ ಸೊಂಟದ ಕೀಲಿಗೆ ಹೊಸ ಬಟ್ಟಲು ಬೇಕಿತ್ತು. 1958ರ ಹೊತ್ತಿಗೆ ಅವರು ಟೆಫ್ಲಾನ್ ಆರಿಸಿದರು, ದೋಸೆ ಅಂಟದ ಕಾವಲಿಗೆ ಬಳಿಯುತ್ತಾರಲ್ಲ ಅದು. ಸುಮಾರು 300 ಜನರಿಗೆ ಹಾಕಿದರು. ಎರಡು ಮೂರು ವರ್ಷದಲ್ಲಿ ಟೆಫ್ಲಾನ್ ಸವೆದು, ಆ ಪುಡಿಗೆ ಸುತ್ತಲಿನ ಮಾಂಸ ಕೆರಳಿತು. ಹಾಕಿದ್ದನ್ನೆಲ್ಲ ತೆಗೆಯಬೇಕಾಯಿತು. ಚಾರ್ನ್‌ಲಿ ಆ ಪುಡಿಯನ್ನು ತನ್ನದೇ ತೊಡೆಯೊಳಗೆ ಸೇರಿಸಿಕೊಂಡು ಏನಾಗುತ್ತದೆ ಎಂದು ಪರೀಕ್ಷಿಸಿದರು. ರೋಗಿಗೆ ಆದದ್ದು ತನಗೂ ಆಗಲಿ ಎಂದ ಡಾಕ್ಟರರ ಹೆಸರು ನೆನಪಿಡಬೇಕು. ಆಗ ಒಬ್ಬ ಮಾರಾಟಗಾರ ನೇಯ್ಗೆ ಯಂತ್ರದ ಹಲ್ಲುಚಕ್ರಕ್ಕೆ ಬಳಸುವ ಹೊಸ ಪಾಲಿಥಿನ್ ತುಂಡೊಂದನ್ನು ತಂದ. ಚಾರ್ನ್‌ಲಿ ಉಗುರಿಂದ ಗೀಚಿ ನೋಡಿ ಇದಾಗದು ಎಂದು ಬಿಟ್ಟರು. ಅವರ ಮೆಕ್ಯಾನಿಕ್ ಹ್ಯಾರಿ ಕ್ರೇವನ್ ಸುಮ್ಮನಿರಲಿಲ್ಲ. ಸವೆತದ ಯಂತ್ರಕ್ಕೆ ಅದನ್ನು ಹಾಕಿ ದಿನಗಟ್ಟಲೆ ಓಡಿಸಿದ, ಸವೆತ ಲೆಕ್ಕಕ್ಕಿಲ್ಲದಷ್ಟು ಕಡಿಮೆ. 1962ರ ನವೆಂಬರ್‌ನಿಂದ ಅದೇ ಬಟ್ಟಲು. ಇವತ್ತಿಗೂ ಸೊಂಟದ ಕೀಲು ಬದಲಿಸುವಾಗ ಆ ವಂಶದ ಪಾಲಿಥಿನ್ನೇ ಹೆಚ್ಚು ಬಳಕೆಯಲ್ಲಿದೆ. ಆದರೆ ಪಾಲಿಥಿನ್‌ಗೆ ಮೂಳೆ ಅಂಟುವುದಿಲ್ಲ. ಸಿಮೆಂಟ್ ಹಾಕಿ ಕೂರಿಸಬೇಕು, ಅಥವಾ ಲೋಹದ ಚಿಪ್ಪಿನಲ್ಲಿ.

ಮೂಳೆ ಅಂಟಿಕೊಳ್ಳುವ ವಸ್ತು ಸಿಕ್ಕಿದ್ದು ಸೆರಾಮಿಕ್ ಕಡೆಯಿಂದ, ಅದೂ ಬಸ್ಸಿನಲ್ಲಿ. 1967ರಲ್ಲಿ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಲ್ಯಾರಿ ಹೆಂಚ್ ಸೈನ್ಯದ ಒಂದು ಸಭೆಗೆ ಹೋಗುತ್ತಿದ್ದರು. ಪಕ್ಕದಲ್ಲಿ ವಿಯೆಟ್ನಾಂ ಯುದ್ಧದಿಂದ ಮರಳಿದ ಕರ್ನಲ್. ಹೆಂಚ್ ಓದಿದ್ದು ಗಾಜಿನ ವಿಷಯ, ಎಲೆಕ್ಟ್ರಾನಿಕ್ ಸಾಮಾನಿಗೆ. ಕರ್ನಲ್‌ಗೆ ಬೇಕಿದ್ದದ್ದು ಬೇರೆ. ಹುಡುಗರ ಜೀವ ಉಳಿಸುತ್ತೇವೆ, ಕೈಕಾಲು ಕತ್ತರಿಸಬೇಕಾಗುತ್ತದೆ, ಒಳಗಿಡುವ ಲೋಹ ಪ್ಲಾಸ್ಟಿಕ್ಕನ್ನೆಲ್ಲ ದೇಹ ತಳ್ಳುತ್ತದೆ, ದೇಹ ತಳ್ಳದ ವಸ್ತು ಮಾಡಿಕೊಡುತ್ತೀರಾ ಎಂಬುದು ಅವರ ಮಾತಿನ ಸಾರ. ಹೆಂಚ್ ಯೋಚಿಸಿದ್ದು ಹೀಗೆ: ಮೂಳೆಯಲ್ಲಿ ಇರುವ ಕ್ಯಾಲ್ಸಿಯಂ, ರಂಜಕ ಗಾಜಿನಲ್ಲೂ ಇದ್ದರೆ ದೇಹ ಅದನ್ನು ನೆಂಟನೆಂದು ಬಗೆದೀತು. 1969ರಲ್ಲಿ ಕರಗಿಸಿ ಹೊಯ್ದ ಗಾಜಿನಲ್ಲಿ ತೂಕದ ಲೆಕ್ಕದಲ್ಲಿ ನೂರಕ್ಕೆ 45 ಸಿಲಿಕಾ, 24.5 ಸೋಡಿಯಂ ಆಕ್ಸೈಡ್, 24.5 ಕ್ಯಾಲ್ಸಿಯಂ ಆಕ್ಸೈಡ್, 6 ರಂಜಕದ ಆಕ್ಸೈಡ್. ಇಲಿಗಳ ತೊಡೆಮೂಳೆಯಲ್ಲಿ ಅದನ್ನು ಇಟ್ಟ ಸರ್ಜನ್ ಟೆಡ್ ಗ್ರೀನ್‌ಲೀ ಆರು ವಾರದ ಮೇಲೆ ತೆಗೆಯಲು ಹೋದರೆ ಬರಲಿಲ್ಲ. ಎಳೆದರೂ, ತಳ್ಳಿದರೂ ಇಲ್ಲ. ಗಾಜಿನ ಮೈಯಿಂದ ಸೋಡಿಯಂ ಬಿಟ್ಟುಹೋಗಿ, ಮೇಲೆ ಸಿಲಿಕಾದ ಜೆಲ್ಲಿ ಆಗಿ, ಅದರ ಮೇಲೆ ಮೂಳೆಯದೇ ಖನಿಜ ಹರಳುಗಟ್ಟಿ, ಕೊಲಾಜೆನ್ ನಾರು ಅದರೊಳಗೆ ಹೆಣೆದುಕೊಂಡಿತ್ತು. ಮೂಳೆಯೊಂದಿಗೆ ಹೀಗೆ ಬೆಸೆದುಕೊಳ್ಳುವ ಸೆರಾಮಿಕ್ಕಿಗೆ ಬಯೋಆಕ್ಟಿವ್ ಎಂಬ ಹೆಸರು ಬಂತು.

ಈ ಗಾಜು ನಿಮ್ಮ ಮನೆಯಲ್ಲೂ ಇರಬಹುದು. ಹಲ್ಲು ಜುಮ್ ಅನ್ನುವವರಿಗೆ ಡಾಕ್ಟರು ಬರೆಯುವ ಕೆಲವು ಟೂತ್‌ಪೇಸ್ಟ್‌ಗಳ ಡಬ್ಬಿಯ ಮೇಲೆ ಕ್ಯಾಲ್ಸಿಯಂ ಸೋಡಿಯಂ ಫಾಸ್ಫೊಸಿಲಿಕೇಟ್ ಎಂದಿದ್ದರೆ ಅದೇ ಇದು, ಪುಡಿ ರೂಪದಲ್ಲಿ. ಆದರೆ ಗಾಜು ಗಾಜೇ. ಭಾರ ಹೊರುವ ತೊಡೆಗೆ ಗಾಜಿನ ರಾಡು ಹಾಕಲು ಯಾರಿಗೂ ಧೈರ್ಯ ಬರುವುದಿಲ್ಲ.

ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನ ವಿಲಿಯಂ ಬಾನ್‌ಫೀಲ್ಡ್ ಈ ಎರಡು ಹಾದಿಗಳನ್ನು ಕೂಡಿಸಿದರು. ಮೂಳೆಯನ್ನು ವೈದ್ಯರಂತೆ ನೋಡದೆ ಎಂಜಿನಿಯರರಂತೆ ನೋಡಿ, ಇದು ಮಿಶ್ರ ವಸ್ತು, ನಮ್ಮದೂ ಮಿಶ್ರವಾಗಿರಲಿ ಎಂದರು. 1981ರಲ್ಲಿ ಅವರ ತಂಡ ಪ್ರಕಟಿಸಿದ ವಸ್ತುವಿನಲ್ಲಿ ಎಚ್‌ಡಿಪಿಇ ಪಾಲಿಥಿನ್ ಮತ್ತು ಹೈಡ್ರಾಕ್ಸಿಅಪಟೈಟ್ ಪುಡಿ ಇದ್ದವು. ಎಚ್‌ಡಿಪಿಇ ಅಂದರೆ ಅಬ್ಬಿ ನೀರಿನ ಪೈಪಿನ ಜಾತಿಯೇ, ವೈದ್ಯಕೀಯಕ್ಕೆ ಬೇಕಾದ ಶುದ್ಧತೆಯದ್ದು. ಮುಂದೆ ಗಾತ್ರದಲ್ಲಿ ನೂರಕ್ಕೆ 40 ಪಾಲು ಖನಿಜ ಇದ್ದ ಮಿಶ್ರಣ ಹ್ಯಾಪೆಕ್ಸ್ ಎಂಬ ಹೆಸರಲ್ಲಿ ಬಳಕೆಗೆ ಬಂತು. ಮೊದಲು ಕಣ್ಣಿನ ಗುಳಿಯ ತಳದ ತೆಳು ಮೂಳೆಗೆ, 1995ರಿಂದ ಕಿವಿಯೊಳಗಿನ ಸಣ್ಣ ಮೂಳೆಗಳ ಬದಲಿಗೆ. ಆಪರೇಷನ್ ಟೇಬಲ್ ಮೇಲೆಯೇ ಸರ್ಜನ್ ಅದನ್ನು ಚಾಕುವಿನಿಂದ ಕೆತ್ತಿ ಅಳತೆಗೆ ತರಬಹುದಿತ್ತು, ಬರೀ ಸೆರಾಮಿಕ್ ಆದರೆ ಚೂರಾಗುತ್ತಿತ್ತು. ಆದರೆ ಕಿವಿಯ ಮೂಳೆ ಎಲ್ಲಿ, ಕೊನೆಗೌಡರ ತೊಡೆಮೂಳೆ ಎಲ್ಲಿ. ಭಾರ ಹೊರುವ ಜಾಗಕ್ಕೆ ಅದರ ಶಕ್ತಿ ಸಾಲಲಿಲ್ಲ.

ಇದೇ ಉಪಾಯ ಹಲ್ಲಿಗೆ ಮೊದಲೇ ಬಂದಿತ್ತೆಂಬುದನ್ನು ಬಿಡಬಾರದು. ಅಮೆರಿಕದ ರಫಾಯೆಲ್ ಬೋವೆನ್ 1962ರಲ್ಲಿ ಪೇಟೆಂಟ್ ಪಡೆದ ಅಂಟಿಗೆ ಸಿಲಿಕಾ ಪುಡಿ ಕಲಸಿ ಹಲ್ಲು ತುಂಬುವುದು. ನೀಲಿ ಬೆಳಕು ಹಿಡಿದು ಗಟ್ಟಿಮಾಡುವ ಬಿಳಿ ಫಿಲ್ಲಿಂಗ್ ಆ ವಂಶದ್ದು. ಅದು ಮೂಳೆಯಂತೆ ಬೆಸೆಯುವ ಜಾತಿಯಲ್ಲ, ಆದರೂ ಪಾಲಿಮರ್ ಮತ್ತು ಸೆರಾಮಿಕ್ ಜೋಡಿ ಹಳ್ಳಿಯವರ ಬಾಯಿಗೆ ಬಂದದ್ದು ಹೀಗೆ.

ಕರಗಿ ಹೋಗುವ ಪಾಲಿಮರ್‌ಗೆ ಬರೋಣ, ಕೊನೆಗೌಡರ ಪ್ರಶ್ನೆಗೆ ಹತ್ತಿರದ್ದು ಇದೇ. 1970ರ ಸುಮಾರಿಗೆ ಕರಗುವ ಹೊಲಿಗೆ ದಾರ ಬಂತು. ಆ ವಂಶದ ಪಾಲಿಲ್ಯಾಕ್ಟಿಕ್ ಆಮ್ಲದಿಂದ ಸ್ಕ್ರೂ, ಪಿನ್ನು ಮಾಡಿದರು. ವರ್ಷ ಎರಡು ವರ್ಷದಲ್ಲಿ ಕರಗಬೇಕು, ತೆಗೆಯುವ ಆಪರೇಷನ್ ಬೇಡ. ಆದರೆ ಹೆಸರಲ್ಲೇ ಇದೆಯಲ್ಲ ಆಮ್ಲ. ಕರಗುವಾಗ ಸುತ್ತ ಹುಳಿ ಹೆಚ್ಚಿ ಕೆಲವರಿಗೆ ಬಾವು ಬಂತು. ಸ್ಕ್ರೂ ಹೋದ ಜಾಗ ಮೂಳೆ ತುಂಬದೆ ತೂತಾಗಿಯೇ ಉಳಿಯಿತು. ಪರಿಹಾರ ಏನಿರಬಹುದು? ತೋಟದವರು ಥಟ್ಟನೆ ಹೇಳುತ್ತೀರಿ. ಮಲೆನಾಡಿನ ಹುಳಿ ಮಣ್ಣಿಗೆ ಸುಣ್ಣ ಹಾಕುತ್ತೇವೆ. ಬೋರ್ಡೋಗೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹುಳಿ ಉಳಿದಿದೆಯೋ ಎಂದು ಕಬ್ಬಿಣದ ಚಾಕು ಅದ್ದಿ ನೋಡುತ್ತೇವೆ, ತಾಮ್ರದ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ. ಅವರು ಮಾಡಿದ್ದೂ ಅದೇ. ಪಾಲಿಲ್ಯಾಕ್ಟಿಕ್ ಆಮ್ಲಕ್ಕೆ ಹೈಡ್ರಾಕ್ಸಿಅಪಟೈಟನ್ನೋ ಅದರ ಸೋದರ ಟ್ರೈಕ್ಯಾಲ್ಸಿಯಂ ಫಾಸ್ಫೇಟನ್ನೋ ಕಲಸಿದರು. ಹುಳಿ ತಗ್ಗಿತು, ಸ್ಕ್ರೂ ಗಟ್ಟಿಯಾಯಿತು, ಮೂಳೆಗೆ ಹಿಡಿದುಕೊಳ್ಳಲು ನೆಲೆಯೂ ಸಿಕ್ಕಿತು. ಜಪಾನಿನವರು 1990ರ ದಶಕದಲ್ಲಿ ಇದರಿಂದ ಪ್ಲೇಟು, ಸ್ಕ್ರೂ ಮಾಡಿ ಮುಖದ ಮೂಳೆಗಳಿಗೆ ಬಳಸಿದರು. ಈಗ ಕಬಡ್ಡಿ ಆಡಿ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡ ಹುಡುಗರಿಗೆ ದೊಡ್ಡ ಪಟ್ಟಣಗಳಲ್ಲಿ ಹಾಕುವ ಬಯೋಕಾಂಪೊಸಿಟ್ ಸ್ಕ್ರೂ ಇದೇ ಜಾತಿಯದು. ಲೋಹದ ಸ್ಕ್ರೂಗಿಂತ ಬೆಲೆ ಜಾಸ್ತಿ.

ನಮ್ಮ ದೇಶದಲ್ಲಿ ಈ ಕೆಲಸ ಬೇರೂರಿದ್ದು ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ. ಅದನ್ನು ಕಟ್ಟಿದ ಸರ್ಜನ್ ಡಾ. ಎಂ.ಎಸ್. ವಲಿಯತ್ತಾನ್. ಹೊರದೇಶದ ಹೃದಯದ ಕವಾಟ ಬಡವರಿಗೆ ಕೈಗೆಟುಕುವುದಿಲ್ಲವೆಂದು ಸ್ವಂತ ಕವಾಟ ಮಾಡಲು ಹೊರಟು, ಹಲವು ಮಾದರಿ ಸೋತ ಮೇಲೆ 1990ರ ಡಿಸೆಂಬರ್ 6ರಂದು ಮೊದಲ ರೋಗಿಗೆ ಹಾಕಿದರು. ಅದರ ಅಲುಗಾಡುವ ಬಿಲ್ಲೆ ಚಾರ್ನ್‌ಲಿ ಬಳಸಿದ ಜಾತಿಯ ಪಾಲಿಥಿನ್. ಆಮೇಲೆ 1993ರಲ್ಲಿ ಅವರು ಮಣಿಪಾಲಕ್ಕೆ ಬಂದು ಅಲ್ಲಿನ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು, ಚರಕ ಸುಶ್ರುತರ ಮೇಲೆ ಪುಸ್ತಕ ಬರೆದರು, 2024ರ ಜುಲೈಯಲ್ಲಿ ಮಣಿಪಾಲದಲ್ಲೇ ತೀರಿಕೊಂಡರು. ಅವರ ಸಂಸ್ಥೆಯ ಪ್ರಯೋಗಾಲಯದಿಂದಲೇ ಹೈಡ್ರಾಕ್ಸಿಅಪಟೈಟ್ ಮತ್ತು ಬಯೋಗಾಜು ಸೇರಿಸಿದ ಹರಳು ಬಂತು. ಒಸಡಿನ ಕಾಯಿಲೆಯಿಂದ ದವಡೆ ಮೂಳೆ ಕರಗಿದಾಗ ಆ ಗುಳಿಗೆ ದಂತವೈದ್ಯರು ಇಂಥ ಹರಳು ತುಂಬಿ, ಮೇಲೆ ಕೊಲಾಜೆನ್ ಪೊರೆ ಹೊದಿಸುವುದುಂಟು. ಮತ್ತೆ ಸುಣ್ಣ, ಮತ್ತೆ ನಾರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಿಕ್ರಮ್‌ಜಿತ್ ಬಸು ಅವರ ತಂಡ ಬಾನ್‌ಫೀಲ್ಡ್ ಬಿಟ್ಟ ಜಾಗದಿಂದ ಹಿಡಿಯಿತು. ಹ್ಯಾಪೆಕ್ಸ್‌ನ ಕೊರತೆ ಶಕ್ತಿಯದ್ದು ತಾನೆ? ಎಚ್‌ಡಿಪಿಇಗೆ ಗಾತ್ರದಲ್ಲಿ 20 ಪಾಲು ಹೈಡ್ರಾಕ್ಸಿಅಪಟೈಟ್, 20 ಪಾಲು ಅಲ್ಯುಮಿನಾ. ಒಂದು ಮೂಳೆಯನ್ನು ಕರೆಯಲು, ಇನ್ನೊಂದು ಸವೆತ ತಡೆಯಲು. ಪುಡಿ ಪ್ಲಾಸ್ಟಿಕ್ಕಿಗೆ ಸರಿಯಾಗಿ ಹಿಡಿಯದಿದ್ದರೆ ಸಂದಿನಲ್ಲೇ ಬಿರುಕು ಬಿಡುತ್ತದೆ, ಅದಕ್ಕೆ ನಡುವೆ ಬೆಸೆಯುವ ರಾಸಾಯನಿಕವೊಂದನ್ನು ಸೇರಿಸಿದರು. ಮೊಲದ ಮೂಳೆಯಲ್ಲಿ ಇಟ್ಟು ಬೆಸೆಯುವುದನ್ನು ಕಂಡರು, 2013ರಲ್ಲಿ ಪ್ರಕಟಿಸಿದರು. ಗುರಿ ಸೊಂಟದ ಬಟ್ಟಲು. ಅದೇ ಸಂಸ್ಥೆಯ ಕೌಶಿಕ್ ಚಟರ್ಜಿ ಅವರ ಪ್ರಯೋಗಾಲಯದ ಹಾದಿ ಬೇರೆ: ನಿಧಾನ ಕರಗುವ ಪಾಲಿಮರ್‌ನಲ್ಲಿ ಜೇನುಗೂಡಿನಂಥ ಹಂದರ ಮಾಡಿ, ಅದಕ್ಕೆ ಅತಿ ಸಣ್ಣ ಖನಿಜ ಕಣ ಸೇರಿಸಿ, ಜೀವಕೋಶಗಳು ಅದರ ಮೇಲೆ ಮೂಳೆ ಕಟ್ಟುವಂತೆ ಮಾಡುವುದು. ಉಡುಪರು ಇಲಿಯಲ್ಲಿ ಕಂಡ ಕ್ರಮವೇ. ಮೊದಲು ಹಂದರ, ಆಮೇಲೆ ಸುಣ್ಣ.

ಕೊನೆಗೌಡರಿಗೆ ಇದನ್ನೆಲ್ಲ ಹೇಳಿದೆ. ಬೋರ್ಡೋದ ಮಾತು ಬಂದಾಗ ಮಾತ್ರ ತಲೆಯಾಡಿಸಿದರು. ಕಿವಿಗೆ ಬಂದಿದೆ, ಹಲ್ಲಿಗೆ ಬಂದಿದೆ, ಮೊಣಕಾಲಿಗೆ ಬಂದಿದೆ, ತೊಡೆಗೆ ಇನ್ನೂ ಉಕ್ಕು ಅಥವಾ ಟೈಟೇನಿಯಂ ರಾಡೇ ಅಂದೆ. ಉದ್ದ ಮೂಳೆ ಮುರಿದು ನಡುವೆ ತುಂಡು ಕಳೆದುಹೋದಲ್ಲಿ ಸೆರಾಮಿಕ್ ಹರಳು ತುಂಬುತ್ತಾರೆ, ಭಾರ ಮಾತ್ರ ಲೋಹದ್ದು.

"ಹಂಗಾರೆ ನಂದು ಇರ್ಲಿ ಬಿಡು," ಅಂದರು.

ಅವರ ಮಗ ಈಗ ಮರ ಹತ್ತುವುದಿಲ್ಲ. ನೆಲದ ಮೇಲೆ ನಿಂತು ಉದ್ದದ ದೋಟಿಯಲ್ಲಿ ಮದ್ದು ಹೊಡೆಯುತ್ತಾನೆ, ಕೊನೆಯನ್ನೂ ಅದರಲ್ಲೇ ಕೊಯ್ಯುತ್ತಾನೆ. ಕಾರ್ಬನ್ ಫೈಬರ್ ದೋಟಿ. ಇಂಗಾಲದ ಎಳೆಗೆ ಪಾಲಿಮರ್ ಅಂಟು ಹಾಕಿ ಮಾಡಿದ್ದು, ಅದೂ ಮಿಶ್ರವೇ. ಇಡೀ ದಿನ ಕತ್ತೆತ್ತಿ ನಿಂತು ಕುತ್ತಿಗೆ ಹಿಡಿಯುತ್ತದೆ ಎಂಬ ದೂರು ಅವನದು.